ಒಣ ತಿಂಡಿ ನುಂಗಲು ನೀರು ಬೇಕೇ?

ಒಣ ತಿಂಡಿಯನ್ನು ನುಂಗಲು ನಿಮಗೆ ಪದೇ ಪದೇ ನೀರು ಬೇಕಾಗುತ್ತದೆಯೇ? ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ದಿನವೂ ಬಾಯಿ ಒಣಗಿದಂತೆ ಅನಿಸುತ್ತಿದೆಯೇ? ಕಣ್ಣಿನಲ್ಲಿ ಮರಳು ಸಿಕ್ಕಿಕೊಂಡಂತೆ ಆಗಾಗ ಚುಚ್ಚುತ್ತದೆಯೇ? ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ಬಾರಿ ಕಣ್ಣಿಗೆ ಹನಿ ಹಾಕಿಕೊಳ್ಳಬೇಕಾಗುತ್ತದೆಯೇ? ರೋಗನಿರೋಧಕ ವ್ಯವಸ್ಥೆಯ ಗಲಭೆಯಿಂದ ಜೊಲ್ಲು ಮತ್ತು ಕಣ್ಣೀರಿನ ಗ್ರಂಥಿಗಳು ಸೊರಗುವ ಶೋಗ್ರೆನ್ ಎಂಬ ಕಾಯಿಲೆಯ ಪತ್ತೆ ಆರಂಭವಾಗುವುದು ಇಂಥ ಸರಳವಾದ ಪ್ರಶ್ನೆಗಳಿಂದ. ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಹೌದು ಎಂಬ ಉತ್ತರ ಬಂದರೆ ಸಾಕು, ಮುಂದಿನ ಪರೀಕ್ಷೆಗಳ ಬಗ್ಗೆ ಯೋಚಿಸಬಹುದು ಎಂದು ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಘಗಳು 2016ರಲ್ಲಿ ಜೊತೆಯಾಗಿ ಒಪ್ಪಿಕೊಂಡ ಮಾನದಂಡ ಹೇಳುತ್ತದೆ.

ನಮ್ಮ ಕೊಡಗಿನ ಮನೆಗಳಲ್ಲಿ ಈ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ನಾಪೋಕ್ಲು ಕಡೆ ತೋಟದ ಮನೆಯಲ್ಲಿರುವ ನನ್ನ ಅತ್ತಿಗೆ ಬಹಳ ವರ್ಷಗಳಿಂದ ಅಕ್ಕಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸದೆ ತಿಂದವರಲ್ಲ. ಹುತ್ತರಿಯ ದಿನ ಎಲ್ಲರೂ ತಂಬಿಟ್ಟು ತಿನ್ನುವಾಗ ಅವರ ಪಕ್ಕದಲ್ಲಿ ನೀರಿನ ಲೋಟ ಇದ್ದೇ ಇರುತ್ತಿತ್ತು. “ನನಗೆ ಗಂಟಲಲ್ಲಿ ಇಳಿಯುವುದೇ ಇಲ್ಲ ಮಾರಾಯ್ತಿ” ಎಂದು ಅವರು ಹೇಳಿದಾಗ ನಾವೆಲ್ಲ ಅದನ್ನು ಅವರ ಅಭ್ಯಾಸವೆಂದೇ ತಿಳಿದಿದ್ದೆವು. ವಸಡಿನ ಅಂಚಿನಲ್ಲಿ ಹಲ್ಲುಗಳು ಒಂದರ ಹಿಂದೆ ಒಂದರಂತೆ ಹುಳುಕಾದಾಗ ಹಲ್ಲಿನ ವೈದ್ಯರು ತುಂಬಿಸಿಕೊಟ್ಟರು. ಕಣ್ಣು ಕೆಂಪಾದಾಗ ಕಣ್ಣಿನ ವೈದ್ಯರು ಹನಿ ಕೊಟ್ಟರು. ಬೆರಳಿನ ಗೆಣ್ಣುಗಳು ಬೆಳಗಿನ ಹೊತ್ತು ಬಿಗಿದುಕೊಂಡಾಗ ನೋವಿನ ಮಾತ್ರೆ ಬಂತು. ಕಿವಿಯ ಮುಂದೆ ಕೆನ್ನೆ ಊದಿಕೊಂಡಾಗ ದೊಡ್ಡವರಿಗೂ ಮಂಗನಬಾವು ಬರುತ್ತದೆ ಎಂದು ಮನೆಯವರೇ ತೀರ್ಮಾನಿಸಿ ಬಿಸಿನೀರಿನ ಶಾಖ ಕೊಟ್ಟರು. ಪ್ರತಿಯೊಬ್ಬರೂ ತಮ್ಮೆದುರಿಗಿದ್ದ ಭಾಗಕ್ಕೆ ಸರಿಯಾದ ಚಿಕಿತ್ಸೆಯನ್ನೇ ಮಾಡಿದ್ದರು. ಈ ನಾಲ್ಕೂ ದೂರುಗಳು ಒಂದೇ ಕಾಯಿಲೆಯವು ಎಂದು ಯಾರಿಗೂ ಹೊಳೆಯದಿದ್ದದ್ದಕ್ಕೆ ಕಾರಣ, ಅವುಗಳನ್ನೆಲ್ಲ ಒಬ್ಬರೇ ವೈದ್ಯರ ಮುಂದೆ ಒಟ್ಟಿಗೆ ಇಟ್ಟು ಹೇಳುವ ಸಂದರ್ಭವೇ ಬಂದಿರಲಿಲ್ಲ. ಕೊನೆಗೆ ಮೈಸೂರಿನಲ್ಲಿ ಕೀಲುನೋವಿಗೆಂದು ಕಂಡ ಒಬ್ಬ ರುಮಟಾಲಜಿಸ್ಟ್ ಅವರ ಕೈಯನ್ನು ನೋಡುವ ಮೊದಲು ನಾಲಿಗೆಯನ್ನು ತೋರಿಸಿ ಎಂದರು.

ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳಾದ ನಾನು ಆ ದಿನದಿಂದ ಈ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಓದಿದಷ್ಟೂ ನನಗೆ ಖಚಿತವಾದದ್ದು ಇದು: ಈ ಕಾಯಿಲೆಯ ಸಂಶೋಧನೆ ಮುಂದೆ ಹೋದಾಗಲೆಲ್ಲ ಯಾರೋ ಒಬ್ಬರು ದೇಹದ ಬೇರೆ ಬೇರೆ ಭಾಗಗಳ ಸಣ್ಣ ದೂರುಗಳನ್ನು ಜೋಡಿಸಿ ನೋಡಿದ್ದಾರೆ, ಮತ್ತು ಇತರರು ಅಳೆಯುವ ಅಗತ್ಯವಿಲ್ಲವೆಂದು ಬಿಟ್ಟದ್ದನ್ನು ಅಳೆದಿದ್ದಾರೆ.

ಮೊದಲು ಜೊಲ್ಲಿನ ಬಗ್ಗೆ ಸ್ವಲ್ಪ ಹೇಳಬೇಕು. ಆರೋಗ್ಯವಂತರಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಸ್ರವಿಸುತ್ತದೆ. ಕಿವಿಯ ಮುಂದಿರುವ ಪೆರೋಟಿಡ್, ದವಡೆಯ ಕೆಳಗಿನ ಸಬ್‌ಮ್ಯಾಂಡಿಬುಲರ್, ನಾಲಿಗೆಯ ಅಡಿಯ ಸಬ್‌ಲಿಂಗ್ವಲ್ ಎಂಬ ಮೂರು ಜೋಡಿ ದೊಡ್ಡ ಗ್ರಂಥಿಗಳಲ್ಲದೆ ತುಟಿ, ಕೆನ್ನೆ, ಅಂಗುಳಗಳ ಒಳಪದರದಲ್ಲಿ ಆರುನೂರರಿಂದ ಸಾವಿರದಷ್ಟು ಪುಟ್ಟ ಗ್ರಂಥಿಗಳೂ ಇವೆ. ಏನನ್ನೂ ತಿನ್ನದೆ ಸುಮ್ಮನೆ ಕುಳಿತಾಗ ಬಾಯಿಯನ್ನು ಒದ್ದೆಯಾಗಿಡುವ ಕೆಲಸದ ಬಹುಪಾಲು ದವಡೆಯ ಕೆಳಗಿನ ಗ್ರಂಥಿಗಳದು. ಅಗಿಯುವಾಗ, ಹುಳಿ ಮುಟ್ಟಿದಾಗ ಪೆರೋಟಿಡ್ ಗ್ರಂಥಿ ಮುಂದಾಗುತ್ತದೆ. ಕಾಚಂಪುಳಿಯ ಒಂದು ಹನಿ ನಾಲಿಗೆಗೆ ತಗಲಿದೊಡನೆ ಕೆನ್ನೆಯ ಹಿಂಭಾಗದಲ್ಲಿ ಜುಮ್ಮೆನ್ನುವುದು ನಮಗೆಲ್ಲ ಗೊತ್ತಿರುವ ಅನುಭವ. ರುಚಿಗಳಲ್ಲಿ ಹುಳಿಯೇ ಜೊಲ್ಲನ್ನು ಅತಿ ಹೆಚ್ಚು ಪ್ರಚೋದಿಸುವಂಥದ್ದು. ನಿದ್ದೆಯಲ್ಲಿ ಈ ಸ್ರಾವ ಬಹುತೇಕ ನಿಂತೇ ಹೋಗುವುದರಿಂದ, ಹಗಲಿನಲ್ಲೇ ಕೊರತೆ ಇರುವವರಿಗೆ ರಾತ್ರಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಎಚ್ಚರವಾಗುತ್ತದೆ.

ಜೊಲ್ಲಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ ಆದರೂ ಉಳಿದ ಒಂದು ಪಾಲಿನ ಮಹತ್ವ ದೊಡ್ಡದು. ಬೈಕಾರ್ಬನೇಟ್ ಬಾಯಿಯ ಆಮ್ಲವನ್ನು ತಗ್ಗಿಸುತ್ತದೆ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಹಲ್ಲಿನ ಎನಾಮಲ್‌ನಿಂದ ಕರಗಿಹೋದ ಅಂಶವನ್ನು ಮತ್ತೆ ತುಂಬುತ್ತವೆ. ಮ್ಯೂಸಿನ್ ಎಂಬ ಪ್ರೋಟೀನು ತುತ್ತನ್ನು ಜಾರುವಂತೆ ಮಾಡಿದರೆ, ಲೈಸೋಜೈಮ್, ಲ್ಯಾಕ್ಟೋಫೆರಿನ್ ಮತ್ತು ಐಜಿಎ ಪ್ರತಿಕಾಯಗಳು ಬ್ಯಾಕ್ಟೀರಿಯಾವನ್ನೂ ಹಿಸ್ಟಾಟಿನ್‌ಗಳು ಶಿಲೀಂಧ್ರವನ್ನೂ ಹದ್ದುಬಸ್ತಿನಲ್ಲಿ ಇಡುತ್ತವೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಆರಂಭವಾಗುತ್ತದೆ. ಜೊಲ್ಲು ಸಾಕಷ್ಟಿದ್ದರೆ ಅದು ಬೇಗನೆ ಮೇಲಕ್ಕೆ ಬರುತ್ತದೆ, ಇಲ್ಲದಿದ್ದರೆ ಬಹಳ ಹೊತ್ತು ಅಲ್ಲಿಯೇ ನಿಲ್ಲುತ್ತದೆ. ಅತ್ತಿಗೆಯ ಹಲ್ಲುಗಳು ಎಷ್ಟೇ ಉಜ್ಜಿದರೂ ಹಾಳಾದದ್ದು ಈ ಕಾರಣಕ್ಕೆ. ಬಾಯಿ ಒಣಗಿದಾಗ ಅವರು ಚೀಪುತ್ತಿದ್ದ ನಿಂಬೆಯ ಹೋಳು ಮತ್ತು ಕಿತ್ತಳೆಯ ತೊಳೆಗಳು ಒಂದು ಗಳಿಗೆಯ ಸಮಾಧಾನ ಕೊಟ್ಟು, ರಕ್ಷಣೆಯಿಲ್ಲದ ಹಲ್ಲುಗಳ ಮೇಲೆ ಇನ್ನಷ್ಟು ಆಮ್ಲ ಸುರಿಯುತ್ತಿದ್ದವು.

ಈ ಗ್ರಂಥಿಗಳ ಕಾಯಿಲೆಯ ಚರಿತ್ರೆ ಒಬ್ಬ ರೈತನಿಂದ ಆರಂಭವಾಗುತ್ತದೆ. ಯಾನ್ ಮಿಕುಲಿಚ್ ಎಂಬ ಶಸ್ತ್ರವೈದ್ಯರು 1888ರಲ್ಲಿ 42 ವರ್ಷದ ರೈತನೊಬ್ಬನ ವಿಷಯವನ್ನು ವೈದ್ಯರ ಸಭೆಯಲ್ಲಿ ಮಂಡಿಸಿ, 1892ರಲ್ಲಿ ಅದನ್ನು ಪ್ರಕಟಿಸಿದರು. ಆತನ ಎರಡೂ ಕಡೆಯ ಕಣ್ಣೀರಿನ ಗ್ರಂಥಿಗಳು ಮತ್ತು ಜೊಲ್ಲಿನ ಗ್ರಂಥಿಗಳು ನೋವಿಲ್ಲದೆ ಊದಿಕೊಂಡಿದ್ದವು. ಅಲ್ಲಿಂದ ಮುಂದೆ ಬಹಳ ಕಾಲ ಇಂಥ ಯಾವುದೇ ಊತಕ್ಕೂ ಮಿಕುಲಿಚ್ ಕಾಯಿಲೆ ಎಂದು ಹೆಸರಿಡುವ ರೂಢಿ ಬೆಳೆಯಿತು. ಕ್ಷಯ, ರಕ್ತದ ಕ್ಯಾನ್ಸರ್, ಬೇರೆ ಬೇರೆ ಉರಿಯೂತಗಳೆಲ್ಲ ಅದರೊಳಗೆ ಸೇರಿಹೋದವು.

ಅದರ ಮುಂದಿನ ಹೆಜ್ಜೆ ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ ಅವರದು. ಒಣ ಕಣ್ಣಿನ ರೋಗಿಗಳನ್ನು ನೋಡುತ್ತಿದ್ದ ಅವರು ಆ ಹೆಂಗಸರಲ್ಲಿ ಹಲವರ ಬಾಯಿಯೂ ಒಣಗಿದೆ, ಕೀಲುಗಳೂ ನೋಯುತ್ತಿವೆ ಎಂಬುದನ್ನು ಗಮನಿಸಿ, ರೋಸ್ ಬೆಂಗಾಲ್ ಎಂಬ ಬಣ್ಣದಿಂದ ಕಣ್ಣಿನ ಮೇಲ್ಪದರದ ಹಾನಿಯನ್ನು ಗುರುತಿಸಿ, 1933ರಲ್ಲಿ ತಮ್ಮ ಡಾಕ್ಟರೇಟ್ ಪ್ರಬಂಧವನ್ನು ಪ್ರಕಟಿಸಿದರು. ಅದರಲ್ಲಿದ್ದದ್ದು 19 ಹೆಂಗಸರ ವಿವರ. ಅವರಲ್ಲಿ 13 ಮಂದಿಗೆ ಸಂಧಿವಾತವೂ ಇತ್ತು. ಇಂದು ಇಡೀ ಜಗತ್ತು ಅವರ ಹೆಸರಿನಿಂದ ಗುರುತಿಸುವ ಆ ಕೆಲಸಕ್ಕೆ ಅಂದು ಉನ್ನತ ಶ್ರೇಣಿ ದೊರೆಯಲಿಲ್ಲ. ವಿಶ್ವವಿದ್ಯಾಲಯದ ಅಧ್ಯಾಪಕರಾಗುವ ದಾರಿ ಮುಚ್ಚಿದ್ದರಿಂದ ಅವರು ಯೋನ್‌ಶೋಪಿಂಗ್ ಎಂಬ ಊರಿನ ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯರಾಗಿ ದುಡಿದರು. ಆಸ್ಟ್ರೇಲಿಯದ ಬ್ರೂಸ್ ಹ್ಯಾಮಿಲ್ಟನ್ ಎಂಬ ಕಣ್ಣಿನ ವೈದ್ಯರು 1943ರಲ್ಲಿ ಆ ಪ್ರಬಂಧವನ್ನು ಇಂಗ್ಲಿಷಿಗೆ ತಂದ ಮೇಲಷ್ಟೇ ಹೊರಜಗತ್ತಿಗೆ ಅದು ತಲುಪಿತು. ಕಣ್ಣಿನ ವೈದ್ಯರಾಗಿದ್ದುಕೊಂಡು ರೋಗಿಯ ಬಾಯಿಯನ್ನೂ ಬೆರಳುಗಳನ್ನೂ ವಿಚಾರಿಸಿದ ಆ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವವಿದೆ. ಜಿಲ್ಲೆಯೊಳಗೆ ಕಣ್ಣು ಒಂದು ಊರಿನಲ್ಲಿ, ಹಲ್ಲು ಇನ್ನೊಂದು ಊರಿನಲ್ಲಿ, ಕೀಲು ಘಟ್ಟದ ಕೆಳಗೋ ಮೈಸೂರಿನಲ್ಲೋ ತೋರಿಸಬೇಕಾದ ನಮ್ಮಂಥವರಿಗೆ ಆತ ಮಾಡಿದ ಕೆಲಸದ ಬೆಲೆ ಬೇಗ ಅರ್ಥವಾಗುತ್ತದೆ.

1953ರಲ್ಲಿ ಮಾರ್ಗನ್ ಮತ್ತು ಕ್ಯಾಸಲ್‌ಮನ್ ಎಂಬ ಇಬ್ಬರು ರೋಗಶಾಸ್ತ್ರಜ್ಞರು ಗ್ರಂಥಿಗಳ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಮಿಕುಲಿಚ್ ಹೇಳಿದ್ದೂ ಶೋಗ್ರೆನ್ ಹೇಳಿದ್ದೂ ಒಂದೇ ಕಾಯಿಲೆ ಎಂದು ತೀರ್ಮಾನಿಸಿದರು. ಸುಮಾರು ಅರ್ಧ ಶತಮಾನ ಅದೇ ಮಾತು ನಡೆಯಿತು. ಆಮೇಲೆ ಜಪಾನಿನ ವೈದ್ಯರು ಮೇದೋಜೀರಕ ಗ್ರಂಥಿಯ ಒಂದು ಬಗೆಯ ಉರಿಯೂತದಲ್ಲಿ ಐಜಿಜಿ4 ಎಂಬ ಪ್ರತಿಕಾಯದ ಮಟ್ಟ ಬಹಳ ಏರಿರುವುದನ್ನು 2001ರಲ್ಲಿ ತೋರಿಸಿದರು. ಅಂಥದೇ ಜೀವಕೋಶಗಳು ಊದಿದ ಜೊಲ್ಲಿನ ಗ್ರಂಥಿಗಳಲ್ಲೂ ಕಂಡುಬಂದಾಗ, ಮಿಕುಲಿಚ್ ಹೆಸರಿನಿಂದ ಕರೆಯುತ್ತಿದ್ದ ಊತಗಳಲ್ಲಿ ಹಲವು ಶೋಗ್ರೆನ್ ಅಲ್ಲವೆಂದೂ ಐಜಿಜಿ4 ಸಂಬಂಧಿ ಕಾಯಿಲೆ ಎಂಬ ಪ್ರತ್ಯೇಕ ವರ್ಗಕ್ಕೆ ಸೇರಿದವೆಂದೂ ಸ್ಪಷ್ಟವಾಯಿತು. ಈ ವ್ಯತ್ಯಾಸ ರೋಗಿಗೆ ನೇರವಾಗಿ ಮುಖ್ಯವಾದದ್ದು. ಐಜಿಜಿ4 ಕಾಯಿಲೆಯ ಊತ ಸ್ಟೀರಾಯ್ಡ್ ಕೊಟ್ಟರೆ ಸಾಮಾನ್ಯವಾಗಿ ಚೆನ್ನಾಗಿ ಇಳಿಯುತ್ತದೆ. ಶೋಗ್ರೆನ್‌ನ ಒಣಗುವಿಕೆ ಸ್ಟೀರಾಯ್ಡ್‌ಗೆ ಹಾಗೆ ಬಗ್ಗುವುದಿಲ್ಲ.

ಅತ್ತಿಗೆಗೆ ಮಾಡಿದ ಪರೀಕ್ಷೆಗಳಲ್ಲಿ ನನ್ನ ಮನಸ್ಸಿನಲ್ಲಿ ನಿಂತದ್ದು ಅತ್ಯಂತ ಅಗ್ಗದ ಎರಡು. ಒಂದು, ಕೆಳರೆಪ್ಪೆಯ ಅಂಚಿಗೆ ತೆಳುವಾದ ಕಾಗದದ ಪಟ್ಟಿಯೊಂದನ್ನು ಸಿಕ್ಕಿಸಿ ಐದು ನಿಮಿಷದಲ್ಲಿ ಅದು ಎಷ್ಟು ಒದ್ದೆಯಾಯಿತೆಂದು ನೋಡುವ ಶಿರ್ಮರ್ ಪರೀಕ್ಷೆ. 1903ರಿಂದ ಬಳಕೆಯಲ್ಲಿರುವ ಈ ವಿಧಾನದಲ್ಲಿ 5 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಒದ್ದೆಯಾದರೆ ಕಣ್ಣೀರು ಸಾಲದು ಎಂದರ್ಥ. ಇನ್ನೊಂದು, ಏನನ್ನೂ ಅಗಿಯದೆ, ತಲೆ ಬಾಗಿಸಿ ಕುಳಿತು, ಬಾಯಿಯಲ್ಲಿ ಕೂಡಿದ ಜೊಲ್ಲನ್ನು ಅಳತೆಯ ಗುರುತಿರುವ ಪುಟ್ಟ ಪಾತ್ರೆಗೆ ಉಗುಳುತ್ತಾ ಹೋಗುವುದು. ಆರೋಗ್ಯವಂತರಲ್ಲಿ ನಿಮಿಷಕ್ಕೆ ಸುಮಾರು 0.3ರಿಂದ 0.4 ಮಿಲಿಲೀಟರ್ ಬರುತ್ತದೆ. 0.1 ಅಥವಾ ಅದಕ್ಕಿಂತ ಕಡಿಮೆ ಬಂದರೆ, ಅಂದರೆ ಹದಿನೈದು ನಿಮಿಷ ಕುಳಿತರೂ ಒಂದೂವರೆ ಮಿಲಿಲೀಟರಿಗಿಂತ ಹೆಚ್ಚು ಕೂಡದಿದ್ದರೆ, ಸ್ರಾವ ನಿಜವಾಗಿಯೂ ಕುಸಿದಿದೆ ಎಂದು ಹೇಳಬಹುದು. ಇದಕ್ಕೆ ಯಂತ್ರ ಬೇಡ, ವಿದ್ಯುತ್ತೂ ಬೇಡ. ಎಂಜಲೆಂದರೆ ಮೈಲಿಗೆ ಎಂಬ ಭಾವದಲ್ಲಿ ಬೆಳೆದ ನಮ್ಮ ಹಿರಿಯ ಹೆಂಗಸರಿಗೆ ಇನ್ನೊಬ್ಬರೆದುರು ಕುಳಿತು ಉಗುಳುವುದು ಸಂಕೋಚದ ಸಂಗತಿ ಎಂಬುದು ನಿಜ; ಒಂದು ಪರದೆ ಕಟ್ಟಿ ಅವರನ್ನು ಅವರಷ್ಟಕ್ಕೆ ಬಿಟ್ಟರೆ ಆ ತೊಡಕೂ ತೀರುತ್ತದೆ.

ಇವೆರಡೂ ಸೇರಿದರೂ ರೋಗ ಖಚಿತವಾಗುವುದಿಲ್ಲ. 2016ರ ಮಾನದಂಡದಲ್ಲಿ ಇವಕ್ಕೆ ತಲಾ ಒಂದು ಅಂಕ, ಕಣ್ಣಿನ ಮೇಲ್ಪದರದ ಬಣ್ಣದ ಪರೀಕ್ಷೆಗೆ ಇನ್ನೊಂದು. ರಕ್ತದಲ್ಲಿ ರೋ ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯ ಕಂಡರೆ ಮೂರು ಅಂಕ. ಕೆಳತುಟಿಯ ಒಳಗಿನ ಪುಟ್ಟ ಗ್ರಂಥಿಗಳ ಬಯಾಪ್ಸಿಯಲ್ಲಿ ರೋಗದ ಗುರುತು ಕಂಡರೆ ಮತ್ತೆ ಮೂರು. ಒಟ್ಟು ನಾಲ್ಕು ಅಂಕ ಆಗಬೇಕು. ಆದ್ದರಿಂದ ರಕ್ತಪರೀಕ್ಷೆ ಅಥವಾ ತುಟಿಯ ಬಯಾಪ್ಸಿ, ಎರಡರಲ್ಲಿ ಒಂದಾದರೂ ರೋಗವನ್ನು ಸಮರ್ಥಿಸದೆ ಮಾನದಂಡ ಪೂರ್ತಿಯಾಗುವುದಿಲ್ಲ. ಈ ಬಿಗಿಗೆ ಕಾರಣವಿದೆ. ಬಾಯಿ ಒಣಗುವುದಕ್ಕೆ ಅತಿ ಸಾಮಾನ್ಯವಾದ ಕಾರಣ ನಾವು ನುಂಗುವ ಮಾತ್ರೆಗಳು: ಅಲರ್ಜಿಯ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆಗಳು, ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಹೆಪಟೈಟಿಸ್ ಸಿ ಸೋಂಕು, ತಲೆ ಮತ್ತು ಕುತ್ತಿಗೆಗೆ ಕೊಟ್ಟ ವಿಕಿರಣ ಚಿಕಿತ್ಸೆ ಕೂಡ ಹಾಗೆಯೇ ಮಾಡುತ್ತವೆ. ಒಂದೇ ಕಡೆ, ಊಟದ ಹೊತ್ತಿಗೆ ಸರಿಯಾಗಿ ದವಡೆಯ ಕೆಳಗೆ ಊದಿ ನೋಯುವುದಾದರೆ ಗ್ರಂಥಿಯ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಬಾಯಿ ಒಣಗಿದವರೆಲ್ಲರೂ ಶೋಗ್ರೆನ್ ಎಂದು ಹೆದರಬೇಕಾಗಿಲ್ಲ. ತಾವು ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸುವುದು ಮೊದಲ ಕೆಲಸ.

ತುಟಿಯ ಬಯಾಪ್ಸಿ ಎಂದಾಗ ಮನೆಯವರು ಗಾಬರಿಗೊಂಡರು. ಬಯಾಪ್ಸಿ ಎಂಬ ಮಾತು ಕಿವಿಗೆ ಬಿದ್ದೊಡನೆ ಕ್ಯಾನ್ಸರಿನ ನೆನಪಾಗುವುದು ಸಹಜ. ಮಾಡಿದ್ದು ಇಷ್ಟೇ: ಕೆಳತುಟಿಯ ಒಳಭಾಗವನ್ನು ಮರಗಟ್ಟಿಸಿ, ಸಣ್ಣದೊಂದು ಗೀರು ಹಾಕಿ, ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಕೆಲವು ಗ್ರಂಥಿಗಳನ್ನು ತೆಗೆದರು. ಸೂಕ್ಷ್ಮದರ್ಶಕದಲ್ಲಿ ಹುಡುಕುವುದು ಬಿಳಿರಕ್ತಕಣಗಳ ಗುಂಪನ್ನು. ನಾಳದ ಅಥವಾ ರಕ್ತನಾಳದ ಸುತ್ತ ಐವತ್ತು ಅಥವಾ ಅದಕ್ಕಿಂತ ಹೆಚ್ಚು ಲಿಂಫೋಸೈಟ್‌ಗಳು ಒತ್ತೊತ್ತಾಗಿ ನೆರೆದಿದ್ದರೆ ಅದನ್ನು ಒಂದು ಫೋಕಸ್ ಎಂದು ಎಣಿಸುತ್ತಾರೆ. ನಾಲ್ಕು ಚದರ ಮಿಲಿಮೀಟರ್ ಅಂಗಾಂಶದಲ್ಲಿ ಅಂಥ ಒಂದಾದರೂ ಗುಂಪು ಸಿಗಬೇಕು. ಈ ಎಣಿಕೆಯ ಕ್ರಮಕ್ಕೆ ತಳಹದಿ ಹಾಕಿದವರು 1968ರಲ್ಲಿ ಚಿಸಮ್ ಮತ್ತು ಮೇಸನ್. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಬಾಯಿಯ ರೋಗಶಾಸ್ತ್ರಕ್ಕೆಂದೇ ವಿಭಾಗವಿರುತ್ತದೆ, ನಮ್ಮ ಜಿಲ್ಲೆಯ ವಿರಾಜಪೇಟೆಯಲ್ಲೇ ಅಂಥ ಕಾಲೇಜೊಂದಿದೆ. ಹಲ್ಲು ತೋರಿಸಲು ಬಂದ ಹೆಂಗಸಿಗೆ ಕಣ್ಣಿನ ಬಗ್ಗೆ, ಗೆಣ್ಣಿನ ಬಗ್ಗೆ ಒಂದೆರಡು ಪ್ರಶ್ನೆ ಕೇಳುವ ಪದ್ಧತಿ ದಂತವೈದ್ಯರಲ್ಲಿ ಎಲ್ಲೆಡೆ ಬೆಳೆದರೆ ಎಷ್ಟೋ ವರ್ಷಗಳ ಅಲೆದಾಟ ತಪ್ಪೀತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಂಶೋಧಕರನ್ನು ಬಹಳ ಕಾಲ ಕಾಡಿದ, ಈಗಲೂ ಪೂರ್ತಿ ಬಗೆಹರಿಯದ ಒಂದು ಒಗಟು ಇದೇ ಬಯಾಪ್ಸಿಯಿಂದ ಹುಟ್ಟಿದ್ದು. ಬಿಳಿರಕ್ತಕಣಗಳು ಗ್ರಂಥಿಯನ್ನು ತಿಂದು ಮುಗಿಸುವುದರಿಂದ ಜೊಲ್ಲು ನಿಲ್ಲುತ್ತದೆ ಎಂಬ ವಿವರಣೆ ಸುಲಭವಾಗಿ ಒಪ್ಪಿಗೆಯಾಗುವಂಥದ್ದು. ಆದರೆ ಬಾಯಿ ತೀರಾ ಒಣಗಿದ ಅನೇಕರ ಬಯಾಪ್ಸಿಯಲ್ಲಿ ಜೊಲ್ಲು ತಯಾರಿಸುವ ಜೀವಕೋಶಗಳು ಸಾಕಷ್ಟು ಉಳಿದೇ ಇರುತ್ತವೆ. ಕೆರೆಯಲ್ಲಿ ನೀರಿದ್ದು, ತೋಟದ ತುಂಬ ಪೈಪು ಸರಿಯಾಗಿದ್ದು, ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಾಕಲು ಹೋದರೆ ಮೋಟಾರೇ ಓಡದಂತಹ ಸ್ಥಿತಿ ಇದು. ಸಹಜ ಸ್ಥಿತಿಯಲ್ಲಿ ನರದ ತುದಿಯಿಂದ ಬಿಡುಗಡೆಯಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ, ಗ್ರಂಥಿಕೋಶದ ಮೇಲೆ ಸಂಕೇತ ಹಿಡಿಯಲೆಂದೇ ಇರುವ ಎಂ3 ಎಂಬ ಗ್ರಾಹಕಕ್ಕೆ ಅಂಟಿಕೊಂಡು, ಕೋಶದೊಳಗೆ ಕ್ಯಾಲ್ಸಿಯಂ ಮಟ್ಟವನ್ನು ಏರಿಸುತ್ತದೆ. ಅದರಿಂದ ಕ್ಲೋರೈಡ್ ಹೊರಕ್ಕೆ ಹೋಗುತ್ತದೆ, ಅದರ ಹಿಂದೆ ಸೋಡಿಯಂ, ಅವುಗಳ ಹಿಂದೆ ಅಕ್ವಾಪೊರಿನ್-5 ಎಂಬ ನೀರಿನ ದ್ವಾರಗಳ ಮೂಲಕ ನೀರು. ಈ ಸರಪಳಿಯ ಯಾವ ಕೊಂಡಿ ಕಳಚಿದೆ? ಕೆಲವು ರೋಗಿಗಳಲ್ಲಿ ಎಂ3 ಗ್ರಾಹಕಕ್ಕೇ ಅಡ್ಡಬರುವ ಪ್ರತಿಕಾಯಗಳು ಕಂಡಿವೆ. ಅಕ್ವಾಪೊರಿನ್-5 ಕೋಶದಲ್ಲಿ ಇರಬೇಕಾದ ಅಂಚಿನಲ್ಲಿ ಇಲ್ಲದೆ ಬೇರೆಡೆ ಚದುರಿರುವುದನ್ನು ತೋರಿಸಿದ ಅಧ್ಯಯನಗಳಿವೆ. ಉರಿಯೂತದ ಸಂದೇಶವಾಹಕಗಳಾದ ಸೈಟೋಕೈನ್‌ಗಳು ನರದ ಸಂಕೇತವನ್ನೇ ಕುಗ್ಗಿಸುತ್ತವೆ ಎಂಬ ವಾದವೂ ಇದೆ. ಬಹುಶಃ ಎಲ್ಲ ರೋಗಿಗಳಲ್ಲೂ ಕಾರಣ ಒಂದೇ ಇರಲಾರದು.

ಈ ಒಗಟಿನ ಒಂದು ಶುಭವಾದ ಮುಖವನ್ನು ನಾನು ಅತ್ತಿಗೆಗೆ ವಿವರಿಸಿದ್ದೇನೆ. ಗ್ರಂಥಿ ಪೂರ್ತಿ ನಾಶವಾಗಿಲ್ಲದ್ದರಿಂದಲೇ ಅವರು ತೆಗೆದುಕೊಳ್ಳುವ ಪೈಲೋಕಾರ್ಪಿನ್ ಮಾತ್ರೆ ಕೆಲಸ ಮಾಡುತ್ತದೆ. ಬ್ರೆಜಿಲ್ ಕಡೆಯ ಗಿಡವೊಂದರ ಎಲೆಯಲ್ಲಿ ಸಿಗುವ ಈ ವಸ್ತು ಎಂ3 ಗ್ರಾಹಕವನ್ನು ನೇರವಾಗಿ ಪ್ರಚೋದಿಸಿ, ಉಳಿದ ಕೋಶಗಳಿಂದ ಜೊಲ್ಲು ಬರಿಸುತ್ತದೆ. ಶೋಗ್ರೆನ್‌ನ ಒಣಬಾಯಿಗೆ ಅಮೆರಿಕದಲ್ಲಿ 1998ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಬೆವರಿನ ಗ್ರಂಥಿಗಳೂ ಇದರ ಮಾತು ಕೇಳುವುದರಿಂದ ಮಡಿಕೇರಿಯ ಚಳಿಯಲ್ಲೂ ಬೆವರು ಬರುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಹತೋಟಿಯಲ್ಲಿಲ್ಲದ ಆಸ್ತಮಾ ಇರುವವರಿಗೆ, ಕೆಲವು ಬಗೆಯ ಗ್ಲಾಕೋಮಾ ಇರುವವರಿಗೆ ಇದು ಸಲ್ಲದು.

ರೋಗದ ಮೂಲದ ಬಗ್ಗೆ ಯೋಚನೆಯೂ ಬದಲಾಗಿದೆ. ರೋಗನಿರೋಧಕ ವ್ಯವಸ್ಥೆ ದಿಕ್ಕು ತಪ್ಪಿ ನಿರಪರಾಧಿಯಾದ ಗ್ರಂಥಿಯ ಮೇಲೆ ಬೀಳುತ್ತದೆ ಎಂದು ನಾವು ತರಗತಿಯಲ್ಲಿ ಹೇಳುತ್ತಿದ್ದ ಪಾಠ ಅರ್ಧ ಸತ್ಯ ಮಾತ್ರ. ಗ್ರೀಸಿನ ಮೌಟ್ಸೊಪೌಲೋಸ್ 1994ರಲ್ಲಿ ಮುಂದಿಟ್ಟ ವಾದದಂತೆ, ನಾಳಗಳ ಗೋಡೆಯ ಎಪಿಥೀಲಿಯಲ್ ಕೋಶಗಳೇ ಈ ಗಲಭೆಯಲ್ಲಿ ಸಕ್ರಿಯ ಪಾಲುದಾರರು. ಅವು ಬಿಳಿರಕ್ತಕಣಗಳನ್ನು ಕರೆಯುವ ಸಂಕೇತಗಳನ್ನು ಹೊರಸೂಸಿ, ಬಂದವುಗಳನ್ನು ಉಳಿಸಿಕೊಳ್ಳುತ್ತವೆ. ವೈರಸ್ ಸೋಂಕಿನ ವಿರುದ್ಧ ದೇಹ ಹೊರಡಿಸುವ ಇಂಟರ್‌ಫೆರಾನ್‌ಗೆ ಸಂಬಂಧಿಸಿದ ಜೀನ್‌ಗಳು ಅನೇಕ ರೋಗಿಗಳಲ್ಲಿ ಸದಾ ಎಚ್ಚರವಾಗಿಯೇ ಇರುತ್ತವೆ. 2013ರಲ್ಲಿ ಪ್ರಕಟವಾದ ದೊಡ್ಡ ಆನುವಂಶಿಕ ಅಧ್ಯಯನದಲ್ಲಿ, ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಎಚ್‌ಎಲ್‌ಎ ಪ್ರದೇಶದ ಜೊತೆಗೆ ಐಆರ್‌ಎಫ್5, ಸ್ಟ್ಯಾಟ್4 ಮುಂತಾದ ಜೀನ್‌ಗಳ ನಂಟು ಕಂಡದ್ದು ಇದಕ್ಕೆ ಹೊಂದುತ್ತದೆ. ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಹೆಂಗಸರೇ ಏಕೆ ಎಂಬುದಕ್ಕೆ ಮಾತ್ರ ಇನ್ನೂ ಪೂರ್ಣವಾದ ಉತ್ತರ ದೊರೆತಿಲ್ಲ.

ನಮ್ಮ ಕಡೆ ಎಲೆ ಅಡಿಕೆ ಹಾಕಿಕೊಳ್ಳುವ ರೂಢಿಯ ಬಗ್ಗೆ ಒಂದು ಮಾತು. ಬಾಯಿ ಒಣಗಿದವರು ಜೊಲ್ಲು ಬರಲೆಂದು ಅಡಿಕೆ ಅಗಿಯುವುದನ್ನು ನಾನು ತೋಟದ ಲೈನ್ ಮನೆಗಳಲ್ಲೂ ನೆಂಟರ ಮನೆಗಳಲ್ಲೂ ಕಂಡಿದ್ದೇನೆ. ಅಡಿಕೆ ಬಾಯಿಯ ಒಳಪದರವನ್ನು ಗಡುಸಾಗಿಸಿ ಬಾಯಿ ತೆರೆಯಲಾರದಂತೆ ಮಾಡುವ ಕಾಯಿಲೆಗೆ ಕಾರಣವಾಗುತ್ತದೆ, ಕ್ಯಾನ್ಸರಿಗೂ ದಾರಿ ಮಾಡುತ್ತದೆ. ಅದರ ಬದಲು ಸಕ್ಕರೆಯಿಲ್ಲದ, ಕ್ಸೈಲಿಟಾಲ್ ಇರುವ ಗಮ್ ಅಗಿಯುವುದು, ದಂತವೈದ್ಯರು ಹೇಳಿದ ಫ್ಲೋರೈಡ್ ಪೇಸ್ಟ್ ಬಳಸುವುದು, ಗುಟುಕು ಗುಟುಕಾಗಿ ನೀರು ಕುಡಿಯುವುದು ಒಳ್ಳೆಯದು. ಜೊಲ್ಲು ಕಡಿಮೆಯಾದ ನಾಲಿಗೆಗೆ ಕರಿಮೆಣಸಿನ ಖಾರ ಬೆಂಕಿಯಂತೆ ಹತ್ತುತ್ತದೆ. ಆ ಉರಿಗೆ ಕೆಲವೊಮ್ಮೆ ಶಿಲೀಂಧ್ರದ ಸೋಂಕೂ ಕಾರಣವಾಗಿದ್ದು, ಅದಕ್ಕೆ ಬೇರೆಯೇ ಔಷಧ ಇದೆ.

ಎರಡು ವಿಷಯಗಳಲ್ಲಿ ಮಾತ್ರ ಒಣಗುವಿಕೆಯನ್ನು ಮೀರಿದ ಎಚ್ಚರ ಬೇಕು. ಗ್ರಂಥಿಯೊಳಗೆ ವರ್ಷಗಟ್ಟಲೆ ನೆರೆದ, ಪ್ರತಿಕಾಯಗಳ ಮೂಲವಾದ ಬಿ ಲಿಂಫೋಸೈಟ್‌ಗಳು ಕೆಲವರಲ್ಲಿ, ನೂರಕ್ಕೆ ಸುಮಾರು ಐದರಿಂದ ಹತ್ತು ಮಂದಿಯಲ್ಲಿ, ಲಿಂಫೋಮಾ ಎಂಬ ಕ್ಯಾನ್ಸರಾಗಿ ಬದಲಾಗುತ್ತವೆ. ಅವುಗಳಲ್ಲಿ ಹೆಚ್ಚಿನವು ನಿಧಾನವಾಗಿ ಬೆಳೆಯುವಂಥವು. ಕೆನ್ನೆಯ ಊತ ಇಳಿಯದೆ ಉಳಿದರೆ, ಗಟ್ಟಿಯಾದರೆ, ಒಂದೇ ಕಡೆ ಬೆಳೆದರೆ, ಕಾಲಿನ ಮೇಲೆ ಕೆಂಪು ಚುಕ್ಕೆಗಳೆದ್ದರೆ ಕಾಯದೆ ವೈದ್ಯರ ಬಳಿಗೆ ಹೋಗಬೇಕು. ಇನ್ನೊಂದು ಬಸುರಿಯರಿಗೆ ಸಂಬಂಧಿಸಿದ್ದು. ರೋ ಪ್ರತಿಕಾಯ ಗರ್ಭಕೋಶದ ಮಾಸುವಿನ ಮೂಲಕ ಮಗುವಿಗೆ ದಾಟಿ, ಈ ಪ್ರತಿಕಾಯ ಇರುವ ತಾಯಂದಿರ ಮಕ್ಕಳಲ್ಲಿ ನೂರಕ್ಕೆ ಒಂದೆರಡರಲ್ಲಿ ಹೃದಯದ ವಿದ್ಯುತ್ ಹಾದಿಯನ್ನು ಕಡಿದುಹಾಕುತ್ತದೆ. ಒಮ್ಮೆ ಹಾಗಾದರೆ ಮುಂದಿನ ಬಸಿರಿನಲ್ಲಿ ಅಪಾಯ ಹಲವು ಪಟ್ಟು ಹೆಚ್ಚು. ಹಾಗೆ ಒಂದು ಮಗುವಿಗೆ ಆಗಿದ್ದ ತಾಯಂದಿರಿಗೆ ಮುಂದಿನ ಬಸಿರಿನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟಾಗ ಅದು ಮರುಕಳಿಸುವುದು ಅರ್ಧಕ್ಕಿಂತ ಕಡಿಮೆಯಾದದ್ದನ್ನು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತಾಯಿಗೆ ಯಾವ ತೊಂದರೆಯೂ ಇಲ್ಲದೆ, ಮಗುವಿನ ಹೃದಯದ ಬಡಿತ ನಿಧಾನವಾದಾಗಲೇ ರಕ್ತದಲ್ಲಿ ಈ ಪ್ರತಿಕಾಯ ಇರುವುದು ಮೊದಲ ಬಾರಿಗೆ ಗೊತ್ತಾಗುವುದೂ ಉಂಟು.

ಅದೇ ಹೈಡ್ರಾಕ್ಸಿಕ್ಲೋರೋಕ್ವಿನ್ ಶೋಗ್ರೆನ್‌ನ ಒಣಗುವಿಕೆ, ನೋವು, ಆಯಾಸಗಳಿಗೆ ಎಷ್ಟು ಉಪಯುಕ್ತ ಎಂದು ಫ್ರಾನ್ಸಿನಲ್ಲಿ 120 ರೋಗಿಗಳ ಮೇಲೆ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದಾಗ, 24 ವಾರಗಳಲ್ಲಿ ಔಷಧವೇ ಇಲ್ಲದ ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ. ಬಿ ಲಿಂಫೋಸೈಟ್‌ಗಳನ್ನು, ಅಂದರೆ ಬಿ ಕೋಶಗಳನ್ನು, ಅಳಿಸುವ ರಿಟುಕ್ಸಿಮ್ಯಾಬ್‌ನ ದೊಡ್ಡ ಪರೀಕ್ಷೆಗಳೂ ತಮ್ಮ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ಔಷಧ ಸೋತಿತೇ, ಅಳತೆ ಸೋತಿತೇ ಎಂಬ ಚರ್ಚೆ ಅಲ್ಲಿಂದ ಬಿರುಸಾಯಿತು. 2010ರಲ್ಲಿ ರೂಪುಗೊಂಡ ಎಸ್ಡಾಯ್ ಎಂಬ ಅಳತೆ ಶ್ವಾಸಕೋಶ, ಮೂತ್ರಪಿಂಡ, ನರ, ಕೀಲು, ರಕ್ತ ಮುಂತಾದ ಹನ್ನೆರಡು ಕ್ಷೇತ್ರಗಳಲ್ಲಿ ರೋಗದ ಚಟುವಟಿಕೆಯನ್ನು ವೈದ್ಯರ ಕಣ್ಣಿನಿಂದ ಎಣಿಸುತ್ತದೆ. ಅದರ ಮರುವರ್ಷ ಬಂದ ಎಸ್‌ಪ್ರಿ ಎಂಬುದು ರೋಗಿಯನ್ನೇ ಕೇಳುತ್ತದೆ: ಒಣಗುವಿಕೆ ಎಷ್ಟು, ಆಯಾಸ ಎಷ್ಟು, ನೋವು ಎಷ್ಟು? ಎರಡೂ ಒಂದಕ್ಕೊಂದು ಹೊಂದದೆ ಹೋಗುವುದು ಸಾಮಾನ್ಯ. ಅತ್ತಿಗೆಯಂಥವರ ಶ್ವಾಸಕೋಶ, ಮೂತ್ರಪಿಂಡಗಳು ಚೆನ್ನಾಗಿವೆ, ಆದ್ದರಿಂದ ಮೊದಲನೆಯ ಅಳತೆಯಲ್ಲಿ ಅವರ ಕಾಯಿಲೆ ಅಲ್ಪ. ಆದರೆ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಕಣದ ಮೆಟ್ಟಿಲು ಹತ್ತಲಾರದಷ್ಟು ದಣಿದುಬಿಡುತ್ತಾರೆ. ಮೊದಲ ಅಳತೆಯಲ್ಲಿ ಹೆಚ್ಚು ಅಂಕ ಇರುವವರನ್ನಷ್ಟೇ ಸೇರಿಸಿಕೊಳ್ಳುವ ಔಷಧ ಪರೀಕ್ಷೆಗಳಲ್ಲಿ ಇಂಥವರಿಗೆ ಜಾಗವೇ ಇರುವುದಿಲ್ಲ.

ಇದು ಸ್ವಲ್ಪ ಬದಲಾಗುತ್ತಿದೆ. ಬಿ ಕೋಶಗಳನ್ನು ಬದುಕಿಸಿಡುವ ಬ್ಯಾಫ್ ಎಂಬ ಪ್ರೋಟೀನಿಗೆ ಆ ಕೋಶಗಳ ಮೇಲಿರುವ ಗ್ರಾಹಕವನ್ನು ಗುರಿಯಾಗಿಸಿದ ಇಯಾನಲುಮ್ಯಾಬ್ ಎಂಬ ಔಷಧ ಎಸ್ಡಾಯ್ ಅಂಕ ಹೆಚ್ಚಿರುವವರಲ್ಲಿ ಭರವಸೆ ತೋರಿಸಿದೆ. ನನಗೆ ಹೆಚ್ಚು ಮುಖ್ಯವೆನಿಸಿದ್ದು 2024ರಲ್ಲಿ ಎರಡನೇ ಹಂತದ ಫಲಿತಾಂಶ ಪ್ರಕಟವಾದ ಡಾಜೊಡಾಲಿಬೆಪ್ ಎಂಬ ಔಷಧದ ಪರೀಕ್ಷೆ. ಟಿ ಕೋಶ ಮತ್ತು ಬಿ ಕೋಶಗಳೆಂಬ ಎರಡು ಬಗೆಯ ಬಿಳಿರಕ್ತಕಣಗಳು ಸಿಡಿ40 ಎಂಬ ಗ್ರಾಹಕದ ಮೂಲಕ ನಡೆಸುವ ಸಂಭಾಷಣೆಯನ್ನು ತಡೆಯುವ ಈ ಔಷಧವನ್ನು ಪರೀಕ್ಷಿಸುವಾಗ ರೋಗಿಗಳನ್ನು ಎರಡು ಗುಂಪು ಮಾಡಿದ್ದರು: ಒಳ ಅಂಗಗಳಲ್ಲಿ ರೋಗದ ಚಟುವಟಿಕೆ ಹೆಚ್ಚಿರುವವರು ಒಂದು ಗುಂಪು, ಆ ಅಂಕ ಐದಕ್ಕಿಂತ ಕಡಿಮೆಯಿದ್ದು, ತಾವೇ ಹೇಳಿದ ಒಣಗುವಿಕೆ, ಆಯಾಸ, ನೋವುಗಳ ಅಂಕ ಐದು ಅಥವಾ ಅದಕ್ಕಿಂತ ಹೆಚ್ಚಿರುವವರು ಇನ್ನೊಂದು ಗುಂಪು. ಎರಡೂ ಗುಂಪುಗಳಲ್ಲಿ ಔಷಧ ತನ್ನ ಮುಖ್ಯ ಗುರಿಯನ್ನು ಮುಟ್ಟಿತು. ಎರಡನೆಯ ಗುಂಪಿನವರು ನಮ್ಮ ಅತ್ತಿಗೆಯಂಥವರು. ಆ ಗುಂಪಿನ ಮೇಲೆ ದೊಡ್ಡ ಪ್ರಮಾಣದಲ್ಲಿ ನಡೆಯುವ ಮೂರನೇ ಹಂತದ ಪರೀಕ್ಷೆಯ ಫಲಿತಾಂಶವನ್ನು ನಾನು ಎದುರು ನೋಡುತ್ತಿದ್ದೇನೆ, ಅತ್ತಿಗೆಯೂ ಫೋನು ಮಾಡಿದಾಗಲೆಲ್ಲ ಅದರ ಬಗ್ಗೆ ವಿಚಾರಿಸುತ್ತಾರೆ.